ಡಾನ್‌ಕಾಸ್ಟರ್‌ನ ಪುಟ್ಟ ಉಗಿಬಂಡಿಗೆ ಎರಡನೆಯ ಹರೆಯ

ಇಂಗ್ಲೆಂಡಿನ ಡಾನ್‌ಕಾಸ್ಟರ್ ಎಂದರೆ ರೈಲಿನ ಹುಚ್ಚು ಹತ್ತಿದವರ ಕಣ್ಣು ಅರಳುತ್ತದೆ. 1923ರಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಹೊರಬಂದದ್ದು ಅಲ್ಲಿನ ಕಾರ್ಖಾನೆಯಿಂದ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ, ಉಗಿ ಎಂಜಿನ್‌ಗಳ ವೇಗದ ದಾಖಲೆಯನ್ನು ಇಂದಿಗೂ ಬಿಟ್ಟುಕೊಡದ ಮಲ್ಲಾರ್ಡ್ ಹುಟ್ಟಿದ್ದೂ ಅಲ್ಲೇ. ಆ ದೈತ್ಯರ ಕಾಲ ಮುಗಿದ ಮೇಲೆ, 1982ರಲ್ಲಿ, ಅದೇ ಊರಿನಲ್ಲಿ ರೌಂಡ್‌ಹೌಸ್ ಎಂಜಿನಿಯರಿಂಗ್ ಎಂಬ ಸಣ್ಣ ಕಂಪನಿ ಶುರುವಾಯಿತು. ಮನೆಯ ಹಿತ್ತಲಲ್ಲಿ ಹಾಸಿದ ಹಳಿಯ ಮೇಲೆ, ನಿಜವಾದ ನೀರನ್ನು ಕುದಿಸಿ ನಿಜವಾದ ಉಗಿಯಿಂದ ಓಡುವ ಮಾದರಿ ಎಂಜಿನ್‌ಗಳು ಅಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ‘ಲೇಡಿ ಆನ್’ ಎಂಬ ಆರು ಚಕ್ರದ ಟ್ಯಾಂಕ್ ಎಂಜಿನ್ ಬಹುಕಾಲ ಬಾಳಿದ್ದು. ಯಾವುದೋ ಒಂದು ನಿರ್ದಿಷ್ಟ ಎಂಜಿನ್ನಿನ ಪಡಿಯಚ್ಚಲ್ಲ. ಬ್ರಿಟನ್ನಿನ ಕಿರುದಾರಿಗಳಲ್ಲಿ ಇದ್ದಿರಬಹುದಾದ ಒಂದು ಎಂಜಿನ್ನಿನ ಕಲ್ಪನೆ. ಗಟ್ಟಿಮುಟ್ಟಾದ ಮೈಕಟ್ಟು, ಬಿಚ್ಚಿ ಜೋಡಿಸಲು ಸಲೀಸು. ಹಾಗಾಗಿಯೇ ಅದು ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ.

ಹೀಗೆ ಕೈಬದಲಾಗುವ ಹಳೆಯ ಎಂಜಿನ್‌ಗಳಲ್ಲಿ ಹಲವು ಕೈಯಿಂದಲೇ ನಡೆಸುವಂಥವು. ಕ್ಯಾಬಿನೊಳಗೆ ಬೆರಳು ತೂರಿಸಿ ರೆಗ್ಯುಲೇಟರ್ ತಿರುಗಿಸಬೇಕು, ಪಕ್ಕದ ಲಿವರ್ ಹಿಂದೆ ಮುಂದೆ ಮಾಡಿ ದಿಕ್ಕು ಬದಲಿಸಬೇಕು. ಬಿಟ್ಟರೆ ಎಂಜಿನ್ ತನ್ನಿಷ್ಟದಂತೆ ಓಡುತ್ತದೆ. ಏರಿನಲ್ಲಿ ಏದುಸಿರು ಬಿಟ್ಟು ನಿಲ್ಲುತ್ತದೆ, ಇಳಿಜಾರಿನಲ್ಲಿ ತಿರುವು ಮೀರಿ ಹುಲ್ಲಿನ ಮೇಲೆ ಉರುಳುತ್ತದೆ. ಯಜಮಾನ ಬಗ್ಗಿಕೊಂಡೇ ಅದರ ಹಿಂದೆ ಓಡಬೇಕು. ಇದಕ್ಕೆ ರೇಡಿಯೊ ಕಂಟ್ರೋಲ್ ಅಳವಡಿಸುವುದೆಂದರೆ ಒಳ್ಳೆಯ ಯಂತ್ರವೊಂದನ್ನು ಮಕ್ಕಳ ಆಟಿಕೆಗೆ ಇಳಿಸಿದಂತೆ ಎಂದು ಗೊಣಗುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಉಗಿ ಎಂಜಿನ್ನಿನ ಚಾಲಕ ಎನ್ನಿಸಿಕೊಳ್ಳಬೇಕಾದರೆ ಓಟದುದ್ದಕ್ಕೂ ಕೈ ರೆಗ್ಯುಲೇಟರ್ ಮೇಲೆ ಇರಬೇಕು. ಅಂಗೈಯಷ್ಟು ಕ್ಯಾಬಿನೊಳಗೆ ಕೂರಲಾಗದ ನಮಗೆ ಆ ಭಾಗ್ಯವನ್ನು ಕೊಡುವ ದಾರಿ ರೇಡಿಯೊ ಒಂದೇ.

ಯಾಕೆ ಓಟದುದ್ದಕ್ಕೂ ಕೈ ಇರಬೇಕು ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು. ಈ ಹವ್ಯಾಸದಲ್ಲಿ ಒಂದು ಅಡಿಗೆ 16 ಮಿಲಿಮೀಟರ್ ಎಂಬುದು ಪ್ರಮಾಣ. ಅಂದರೆ ನಿಜದ ಹತ್ತೊಂಬತ್ತನೆಯ ಒಂದು ಪಾಲು. ಎರಡಡಿ ಅಗಲದ ಹಳಿ ಇಲ್ಲಿ ಸರಿಯಾಗಿ 32 ಮಿ.ಮೀ. ಆಗುತ್ತದೆ. ಡಾರ್ಜಿಲಿಂಗ್ ಬೆಟ್ಟದ ರೈಲು ಎರಡಡಿಯದು. ನಮ್ಮ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡು ಸೀಳಿಕೊಂಡು ಹೋಗುತ್ತಿದ್ದ, ಈಗ ಇಲ್ಲವಾದ ಲಘು ರೈಲುದಾರಿಯೂ ಎರಡಡಿಯದೇ. ಅಂಥ ದಾರಿಯಲ್ಲಿ ಗಂಟೆಗೆ 24 ಕಿ.ಮೀ. ಎಂದರೆ ಒಳ್ಳೆಯ ವೇಗ. ಅದನ್ನು ಮಾದರಿಯ ಅಳತೆಗೆ ಇಳಿಸಿದರೆ ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್, ಬಾತುಕೋಳಿಯ ನಡಿಗೆ. ಸೆಕೆಂಡಿಗೆ ಒಂದು ಮೀಟರ್ ಓಡಿಸಿದರೂ ಅದು ನಿಜಗಾತ್ರದಲ್ಲಿ ಗಂಟೆಗೆ 68 ಕಿ.ಮೀ.ಗೆ ಸಮ. ಬೆಟ್ಟದ ರೈಲು ಕನಸಿನಲ್ಲೂ ಕಾಣದ ವೇಗ.

ನಿಧಾನವಾಗಿ ಓಡಿಸುವುದೇ ಕಷ್ಟ. ಉದ್ದಗಲ ಎತ್ತರಗಳು ಹತ್ತೊಂಬತ್ತು ಪಟ್ಟು ಕಿರಿದಾದಾಗ ತೂಕ ಸುಮಾರು 6,900 ಪಟ್ಟು ಇಳಿಯುತ್ತದೆ. ದೊಡ್ಡ ರೈಲು ಉಗಿ ನಿಲ್ಲಿಸಿದ ಮೇಲೂ ತನ್ನ ತೂಕದ ಬಲದಿಂದ ದೂರದವರೆಗೆ ಉರುಳುತ್ತದೆ. ಪುಟ್ಟದಕ್ಕೆ ಆ ಭಾರವಿಲ್ಲ, ಉಗಿ ಕಡಿಮೆಯಾದ ಗಳಿಗೆಯಲ್ಲೇ ನಿಂತುಬಿಡುತ್ತದೆ. ಅದರ ಮೇಲೆ ಪುಟ್ಟ ಬಾಯ್ಲರ್ ದೊಡ್ಡದಕ್ಕಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಒಂದು ತಂಗಾಳಿ ಬೀಸಿದರೂ ಒತ್ತಡದಲ್ಲಿ ವ್ಯತ್ಯಾಸ ಕಾಣುತ್ತದೆ. ಏರು, ಇಳಿಜಾರು, ತಿರುವಿನ ತಿಕ್ಕಾಟ, ಹಿಂದೆ ಕಟ್ಟಿದ ಡಬ್ಬಿಗಳ ಸಂಖ್ಯೆ, ಹಳಿಯ ಮೇಲೆ ಬಿದ್ದ ಎಲೆ, ಎಲ್ಲವೂ ವೇಗವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತವೆ. ಒಂದು ಸಲ ತಿರುಗಿಸಿ ಬಿಟ್ಟ ರೆಗ್ಯುಲೇಟರ್ ಇದನ್ನೆಲ್ಲ ನಿಭಾಯಿಸಲಾರದು.

ಸೆಕೆಂಡ್‌ಹ್ಯಾಂಡ್ ಎಂಜಿನ್ ಮನೆಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಕಿತ್ತುಹೋದ ಬಣ್ಣದ ಮೇಲೆ. ನೋಡಬೇಕಾದದ್ದು ಬಾಯ್ಲರ್ ಅನ್ನು. ಇದು ತಾಮ್ರದ ಕೊಳವೆ; ಕೀಲುಗಳನ್ನು ಬೆಳ್ಳಿ ಬೆರೆತ ಬೆಸುಗೆಯಿಂದ ಕೂಡಿಸಿರುತ್ತಾರೆ. ಇಂಥ ಎಂಜಿನ್‌ಗಳ ಕೆಲಸದ ಒತ್ತಡ ಸಾಮಾನ್ಯವಾಗಿ 40 ಪಿಎಸ್‌ಐ. ಆ ಒತ್ತಡದಲ್ಲಿ ಒಳಗಿನ ನೀರು, ಉಗಿ ಎರಡೂ 140 ಡಿಗ್ರಿ ಸೆಲ್ಸಿಯಸ್ ದಾಟಿರುತ್ತವೆ. ಬ್ರಿಟನ್ನಿನ ರೂಢಿಯಂತೆ ಹೊಸ ಬಾಯ್ಲರನ್ನು ಎರಡು ಪಟ್ಟು ಒತ್ತಡದಲ್ಲಿ, ಬಳಸಿದ್ದನ್ನು ಒಂದೂವರೆ ಪಟ್ಟಿನಲ್ಲಿ, ಅಂದರೆ 60 ಪಿಎಸ್‌ಐನಲ್ಲಿ, ಪರೀಕ್ಷಿಸುತ್ತಾರೆ. ಪರೀಕ್ಷೆಗೆ ಗಾಳಿ ಬಳಸುವಂತಿಲ್ಲ, ತಣ್ಣೀರನ್ನೇ ತುಂಬಬೇಕು. ನೀರು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ, ಆದ್ದರಿಂದ ಅದರಲ್ಲಿ ಶಕ್ತಿ ಶೇಖರವಾಗುವುದಿಲ್ಲ; ಬಾಯ್ಲರ್ ಸೋತರೂ ಒಂದು ಹನಿ ಜಿನುಗಿ ಒತ್ತಡ ಇಳಿದುಹೋಗುತ್ತದೆ. ಗಾಳಿ ತುಂಬಿದ ಬಾಯ್ಲರ್ ಸೋತರೆ ಬಾಂಬು. ಗ್ಯಾಸ್ ಟ್ಯಾಂಕಿಗೂ ಹೀಗೆಯೇ ನೀರಿನ ಪರೀಕ್ಷೆ, ಅದಕ್ಕೆಂದೇ ಗೊತ್ತುಪಡಿಸಿದ ಒತ್ತಡದಲ್ಲಿ, ಆಗಬೇಕು. ಹಿಂದಿನ ಯಜಮಾನ ಬಾಯ್ಲರಿನ ಮೇಲೆ ಸಾಮಾನ್ಯ ಸೀಸದ ಬೆಸುಗೆಯ ತೇಪೆ ಹಾಕಿದ್ದು ಕಂಡರೆ ಅಲ್ಲಿಗೆ ಕೆಲಸ ನಿಲ್ಲಿಸಿ, ಬಲ್ಲವರ ಕೈಗೆ ಒಪ್ಪಿಸುವುದೊಂದೇ ದಾರಿ. ಒತ್ತಡ ಹಿಡಿಯುವ ಪಾತ್ರೆಗೆ ಹೊಸ ತೂತು ಕೊರೆಯುವುದಂತೂ ಯಾವ ಅಳವಡಿಕೆಯ ಹೆಸರಿನಲ್ಲೂ ಸಲ್ಲದು.

ಬಾಯ್ಲರ್ ಗಟ್ಟಿ ಎಂದಾದ ಮೇಲೆ, ಏನನ್ನೂ ಬದಲಿಸುವ ಮೊದಲು, ಬಂದ ಸ್ಥಿತಿಯಲ್ಲೇ ಎಂಜಿನ್ನನ್ನು ಒಂದು ಸಲ ಓಡಿಸಿ ನೋಡಬೇಕು. ಚಕ್ರ ಒಂದು ಸುತ್ತು ಬರುವಾಗ ಎರಡು ಸಿಲಿಂಡರ್‌ಗಳಿಂದ ನಾಲ್ಕು ಉಸಿರು ಹೊರಡಬೇಕು, ನಾಲ್ಕೂ ಸಮನಾಗಿ ಕೇಳಬೇಕು. ಒಂದು ಕುಂಟಿದರೆ ವಾಲ್ವ್‌ನ ಹೊಂದಾಣಿಕೆ ತಪ್ಪಿದೆ. ಹೊಗೆಗೂಡಿನ ಕೆಳಗೆ ನೀರು ಚಿಮ್ಮಿದರೆ ಸೀಲು ಹೋಗಿದೆ. ಪಿಸ್ಟನ್ ಮತ್ತು ವಾಲ್ವ್ ಕಡ್ಡಿಗಳ ಓ-ರಿಂಗುಗಳನ್ನು ಹೇಗೂ ಬದಲಿಸುವುದೇ ಲೇಸು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ರಬ್ಬರ್ ರಿಂಗು ಉಗಿಯ ಬಿಸಿಗೆ ಬಹುಕಾಲ ತಾಳುವುದಿಲ್ಲ, ವೈಟಾನ್ ಜಾತಿಯದು ಬೇಕು. ಆಮೇಲೆ ಎಲ್ಲವನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ ವರ್ಷಗಳ ಕರಿ ಜಿಡ್ಡು ಕರಗಿ ಹಿತ್ತಾಳೆ, ಉಕ್ಕುಗಳ ಮೂಲ ಮೈ ಕಾಣುತ್ತದೆ. ತಯಾರಕನ ಕೈಚಳಕ ತಿಳಿಯುವುದು ಈ ಹಂತದಲ್ಲಿ.

ಎಂಜಿನ್ನಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಹೊರಗೆ ಕಾಣುವುದೇ ಇಲ್ಲ. ಕ್ಯಾಬಿನ ಮೂಲೆಯಲ್ಲಿ ಬೆರಳುದ್ದದ ಲೂಬ್ರಿಕೇಟರ್ ಒಂದಿರುತ್ತದೆ. ಅದರ ತುಂಬ ದಪ್ಪನೆಯ ಸ್ಟೀಮ್ ಎಣ್ಣೆ. ಸಿಲಿಂಡರ್ ಕಡೆಗೆ ಹೋಗುವ ಉಗಿಯಲ್ಲಿ ಒಂದಿಷ್ಟು ಚಿಕ್ಕ ರಂಧ್ರದಿಂದ ಒಳಗೆ ಬಂದು ತಣಿದು ನೀರಾಗುತ್ತದೆ. ನೀರು ಎಣ್ಣೆಗಿಂತ ಭಾರ, ತಳ ಸೇರುತ್ತದೆ. ಸೇರಿದಷ್ಟೂ ಎಣ್ಣೆ ಮೇಲೇರಿ ಅದೇ ರಂಧ್ರದಿಂದ ಉಗಿಯ ಜೊತೆ ಕೂಡಿ ಸಿಲಿಂಡರಿಗೆ ಹೋಗುತ್ತದೆ. ಪಂಪಿಲ್ಲ, ಚಲಿಸುವ ಭಾಗವೇ ಇಲ್ಲ. ಓಟ ಮುಗಿದ ಮೇಲೆ ನೀರನ್ನು ಹೀರಿ ತೆಗೆದು ಮತ್ತೆ ಎಣ್ಣೆ ತುಂಬಿದರೆ ಸಾಕು. ಹಳೆಯ ಎಂಜಿನ್‌ಗಳಲ್ಲಿ ಈ ರಂಧ್ರ ಕಟ್ಟಿಕೊಂಡಿರುವುದು ಬಹಳ, ಸವೆದ ಸಿಲಿಂಡರುಗಳ ಹಿಂದಿನ ಕಥೆ ಎಷ್ಟೋ ಸಲ ಅಲ್ಲಿಂದ ಶುರುವಾಗಿರುತ್ತದೆ.

ಈಗ ರೇಡಿಯೊ. ಎರಡು ಚಾನೆಲ್ ಸಾಕು, ಒಂದು ರೆಗ್ಯುಲೇಟರಿಗೆ, ಇನ್ನೊಂದು ಹಿಂದೆ ಮುಂದೆ ಹೋಗುವ ಗೇರಿಗೆ. ಎಲ್ಲ ಉಗಿ ಮಾದರಿಗಳಿಗೂ ಈ ಎರಡನೆಯದು ಸಾಧ್ಯವಿಲ್ಲ. ಅಗ್ಗದ ಕೆಲವು ಎಂಜಿನ್‌ಗಳಲ್ಲಿ ಸ್ಲಿಪ್ ಎಕ್ಸೆಂಟ್ರಿಕ್ ಎಂಬ ವ್ಯವಸ್ಥೆ ಇರುತ್ತದೆ. ದಿಕ್ಕು ಬದಲಾಯಿಸಲು ಎಂಜಿನ್ನನ್ನೇ ಕೈಯಿಂದ ಒಂದಿಷ್ಟು ತಳ್ಳಬೇಕು. ಅಲ್ಲಿ ರೆಗ್ಯುಲೇಟರಿಗೆ ಮಾತ್ರ ರೇಡಿಯೊ. ಲೇಡಿ ಆನ್‌ನಲ್ಲಿರುವುದು ವಾಲ್ಶಾರ್ಟ್ಸ್ ಗೇರ್. ಬೆಲ್ಜಿಯಮ್ಮಿನ ಎಗೀಡ್ ವಾಲ್ಶಾರ್ಟ್ಸ್ 1844ರಲ್ಲಿ ಕಂಡುಹಿಡಿದದ್ದು, ಆಮೇಲೆ ಪ್ರಪಂಚದ ರೈಲುದಾರಿಗಳನ್ನೆಲ್ಲ ಆಳಿದ್ದು. ಬಾಗಿದ ಸೀಳಿನೊಳಗೆ ಒಂದು ಸಣ್ಣ ತುಂಡು ಮೇಲೆ ಇದ್ದಾಗ ಒಂದು ದಿಕ್ಕು, ಕೆಳಗೆ ಇದ್ದಾಗ ಇನ್ನೊಂದು, ನಟ್ಟನಡುವೆ ಇದ್ದರೆ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ. ಆ ತುಂಡನ್ನು ಎತ್ತಿ ಇಳಿಸುವ ಲಿವರಿನ ಕೊಕ್ಕೆಯನ್ನು ತೆಗೆದು, ಲಿವರಿನ ತುದಿಗೆ ಸರ್ವೊದ ಕಡ್ಡಿ ಕೂಡಿಸಿದರೆ ಅರ್ಧ ಕೆಲಸ ಮುಗಿಯಿತು. ಕೊಕ್ಕೆಯನ್ನು ಎಸೆಯಬಾರದು. ಪೊಟ್ಟಣ ಕಟ್ಟಿ ಇಡಬೇಕು, ಮುಂದೆ ಯಾರಿಗಾದರೂ ಮೊದಲಿನಂತೆ ಮಾಡಬೇಕೆನ್ನಿಸಬಹುದು.

ಸರ್ವೊ ಎಂಬುದು ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಆಜ್ಞಾಪಾಲಕ. ರಿಸೀವರಿನಿಂದ ಸೆಕೆಂಡಿಗೆ ಸುಮಾರು 50 ಬಾರಿ ಒಂದು ವಿದ್ಯುತ್ ಮಿಡಿತ ಬರುತ್ತದೆ. ಮಿಡಿತ ಒಂದು ಮಿಲಿಸೆಕೆಂಡ್ ಇದ್ದರೆ ತೋಳು ಒಂದು ತುದಿಗೆ, ಎರಡು ಇದ್ದರೆ ಇನ್ನೊಂದು ತುದಿಗೆ, ಒಂದೂವರೆ ಇದ್ದರೆ ನಡುವೆ. ರೆಗ್ಯುಲೇಟರ್ ಸೂಜಿಮೊನೆಯ ವಾಲ್ವ್ ಆಗಿರುವುದರಿಂದ ಅದರ ನಿಜವಾದ ಕೆಲಸವೆಲ್ಲ ಕಾಲು ಸುತ್ತಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಸರ್ವೊದ ತೋಳು ತಿರುಗುವುದೂ ಹೆಚ್ಚುಕಮ್ಮಿ ಅಷ್ಟೇ. ಎರಡನ್ನೂ ಹೊಂದಿಸುವುದರಲ್ಲಿ ಇಡೀ ಅಳವಡಿಕೆಯ ಜೀವ ಅಡಗಿದೆ. ತೋಳು ಇನ್ನೂ ತಿರುಗಬೇಕೆನ್ನುವಾಗಲೇ ವಾಲ್ವ್ ಮುಚ್ಚಿಕೊಂಡರೆ ಸರ್ವೊ ಗುಂಯ್‌ಗುಡುತ್ತಾ ಬ್ಯಾಟರಿ ತಿನ್ನುತ್ತದೆ, ಕೊನೆಗೆ ಸುಟ್ಟೂ ಹೋಗುತ್ತದೆ. ವಾಲ್ವ್ ಮುಚ್ಚುವ ಮೊದಲೇ ತೋಳು ನಿಂತರೆ ಉಗಿ ಸೋರಿ, ನಿಲ್ಲಿಸಿದ ಎಂಜಿನ್ ತಾನಾಗಿ ತೆವಳಲು ತೊಡಗುತ್ತದೆ. ಕಡ್ಡಿಯನ್ನು ಸರ್ವೊ ತೋಳಿನ ಒಳಗಿನ ತೂತಿಗೆ ಸಿಕ್ಕಿಸಿದರೆ ಚಲನೆ ಕಿರಿದಾಗುತ್ತದೆ, ಹಿಡಿತ ನಾಜೂಕಾಗುತ್ತದೆ. ಉಳಿದದ್ದನ್ನು ಟ್ರಾನ್ಸ್‌ಮಿಟರಿನಲ್ಲೇ ಕೊನೆಯ ಬಿಂದುಗಳನ್ನು ಗೊತ್ತುಪಡಿಸಿ ಸರಿಮಾಡಬಹುದು. ಮೇಜಿನ ಮೇಲೆ ತಣ್ಣಗಿರುವಾಗ ಎಲ್ಲ ಸರಿಯಿದ್ದು, ಉಗಿ ಏರಿದ ಮೇಲೆ ಲೋಹ ಹಿಗ್ಗಿ ಲೆಕ್ಕ ತಪ್ಪುತ್ತದೆ. ಬಿಸಿಯಲ್ಲಿ ಮತ್ತೊಮ್ಮೆ ಹೊಂದಿಸದೆ ಈ ಕೆಲಸ ಮುಗಿದಂತೆ ಅಲ್ಲ.

ಸರ್ವೊ, ರಿಸೀವರ್, ಬ್ಯಾಟರಿಗಳನ್ನು ಎಲ್ಲಿ ಇಡುವುದು? ಬಾಯ್ಲರಿನ ಹಿಂಬದಿ, ಬರ್ನರ್, ಗ್ಯಾಸ್ ಟ್ಯಾಂಕು, ಲೂಬ್ರಿಕೇಟರ್ ಎಲ್ಲ ಕ್ಯಾಬಿನಲ್ಲೇ ಒತ್ತಿ ಕುಳಿತಿರುತ್ತವೆ. ಸರ್ವೊಗಳಿಗೆ ಕ್ಯಾಬಿನ ತಳದಲ್ಲಿ, ಬಾಯ್ಲರಿಗೆ ತಾಗದಂತೆ ಒಂದು ಹಿತ್ತಾಳೆಯ ಪಟ್ಟಿ ಬಗ್ಗಿಸಿ ಪೀಠ ಮಾಡಬೇಕು. ಬಾಯ್ಲರಿನ ಇಕ್ಕೆಲದ ನೀರಿನ ಟ್ಯಾಂಕುಗಳು ತೋರಿಕೆಯವು, ಒಳಗೆ ಟೊಳ್ಳು. ಅಲ್ಲಿ ಜಾಗ ಇದೆ, ಬಿಸಿಯೂ ಇದೆ. ಬೆಂಕಿಯಿಂದ ದೂರದ ಮೂಲೆ ಹುಡುಕಿ, ನಡುವೆ ಶಾಖ ತಡೆಯುವ ಹಾಳೆ ಇಟ್ಟು ಕೂರಿಸುವವರಿದ್ದಾರೆ. ಬ್ಯಾಟರಿಯನ್ನು ಎಂಜಿನ್ನಿನ ಹಿಂದಿನ ವ್ಯಾಗನ್ನಿನಲ್ಲಿಟ್ಟು ತಂತಿ ಎಳೆಯುವವರೂ ಇದ್ದಾರೆ. ನನ್ನ ಒಲವು ಎರಡನೆಯದಕ್ಕೆ. ನಾಲ್ಕು ಎಎ ಗಾತ್ರದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು 4.8 ವೋಲ್ಟ್ ಕೊಡುತ್ತವೆ, ಅಷ್ಟೇ ಸಾಕು. ಹಗುರವೆಂದು ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಕುದಿಯುವ ಬಾಯ್ಲರಿನ ಪಕ್ಕ ಇಡುವ ಧೈರ್ಯ ಯಾರೂ ಮಾಡಬಾರದು.

ಹಳೆಯ ಎಂಜಿನ್‌ಗಳಲ್ಲಿ ಕೆಲವಕ್ಕೆ ಮೊದಲೇ ರೇಡಿಯೊ ಇರುತ್ತದೆ, ಆದರೆ 27 ಅಥವಾ 40 ಮೆಗಾಹರ್ಟ್ಸ್ ಕಾಲದ್ದು. ಆ ಕಾಲದಲ್ಲಿ ಒಂದೇ ಹರಳಿನ ಸಂಖ್ಯೆ ಇಬ್ಬರಲ್ಲಿದ್ದರೆ ಒಬ್ಬರ ಟ್ರಾನ್ಸ್‌ಮಿಟರ್ ಇನ್ನೊಬ್ಬರ ಎಂಜಿನ್ನನ್ನು ಓಡಿಸಿಬಿಡುತ್ತಿತ್ತು. ಹಾಗಾಗಿ ಎಲ್ಲರೂ ಸೇರುವ ದಿನ ತಮ್ಮ ತರಂಗದ ಗುರುತಿನ ಬಣ್ಣದ ಚೀಟಿ ಹಾಕಿಕೊಂಡು ಸರದಿ ಕಾಯುತ್ತಿದ್ದರು. 27 ಮೆಗಾಹರ್ಟ್ಸ್ ಅಲೆಯ ಉದ್ದ 11 ಮೀಟರ್, ಏರಿಯಲ್ಲೂ ಉದ್ದುದ್ದ. ಇಂದಿನ 2.4 ಗಿಗಾಹರ್ಟ್ಸ್ ಅಲೆಯ ಉದ್ದ 125 ಮಿ.ಮೀ., ಅದರ ಕಾಲು ಭಾಗ, ಅಂದರೆ 31 ಮಿ.ಮೀ. ತಂತಿ ಸಾಕು. ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಒಂದಕ್ಕೊಂದು ಪರಿಚಯ ಮಾಡಿಕೊಂಡು ಬೇರೆಯವರ ಮಾತಿಗೆ ಕಿವಿಗೊಡದೆ ಇರುವುದರಿಂದ ಒಂದೇ ಹಳಿಯಲ್ಲಿ ಹಲವರು ನಿಶ್ಚಿಂತೆಯಾಗಿ ಓಡಿಸಬಹುದು. ಒಂದು ಎಚ್ಚರ: ಎಂಜಿನ್ ಪೂರಾ ಲೋಹ. ಲೋಹದ ಗೂಡಿನೊಳಗೆ ರೇಡಿಯೊ ಅಲೆ ನುಗ್ಗುವುದಿಲ್ಲ. ಆ ಪುಟ್ಟ ತಂತಿಯ ತುದಿಯಾದರೂ ಕ್ಯಾಬಿನ ಕಿಟಕಿಯ ಬದಿಯಲ್ಲಿ ಹೊರಗೆ ಇಣುಕಬೇಕು.

ಸಂಪರ್ಕ ಕಡಿದುಹೋದರೆ ರೆಗ್ಯುಲೇಟರ್ ತಾನಾಗಿ ಮುಚ್ಚುವಂತೆ ರಿಸೀವರಿಗೆ ಮೊದಲೇ ಹೇಳಿಕೊಡಬೇಕು. ಇದಕ್ಕೆ ಫೇಲ್‌ಸೇಫ್ ಎನ್ನುತ್ತಾರೆ. ಎಂಜಿನ್ನನ್ನು ಮರದ ತುಂಡುಗಳ ಮೇಲೆ ಎತ್ತಿ ಕೂರಿಸಿ, ಚಕ್ರ ಗಾಳಿಯಲ್ಲಿ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿ ನೋಡಬೇಕು. ಚಕ್ರ ನಿಲ್ಲದಿದ್ದರೆ ಆ ಎಂಜಿನ್ ಹಳಿಗೆ ಇಳಿಯಲು ಇನ್ನೂ ಅರ್ಹವಲ್ಲ. ಬೆಂಕಿಯನ್ನು ಆರಿಸುವುದು ರೇಡಿಯೊದ ಕೈಯಲ್ಲಿಲ್ಲ. ಅದಕ್ಕೆ ತಯಾರಕರೇ ಜಾಣತನದ ಏರ್ಪಾಡು ಮಾಡಿದ್ದಾರೆ, ಗ್ಯಾಸ್ ಟ್ಯಾಂಕನ್ನು ಎಷ್ಟು ಚಿಕ್ಕದಾಗಿ ಇಟ್ಟಿರುತ್ತಾರೆಂದರೆ ಬಾಯ್ಲರಿನ ನೀರು ಮುಗಿಯುವ ಮೊದಲೇ ಗ್ಯಾಸ್ ಮುಗಿಯುತ್ತದೆ. ದೊಡ್ಡ ಟ್ಯಾಂಕು ಹಾಕಿ ಹೆಚ್ಚು ಹೊತ್ತು ಓಡಿಸೋಣವೆಂದು ಹೊರಟವರು ಒಣ ಬಾಯ್ಲರನ್ನು ಸುಟ್ಟುಕೊಳ್ಳುತ್ತಾರೆ. ಈ ಒಂದು ಅಳತೆಯನ್ನು ಬದಲಿಸಲೇಬಾರದು.

ಗ್ಯಾಸ್ ಎಂದರೆ ಬ್ಯೂಟೇನ್, ಅಥವಾ ಬ್ಯೂಟೇನಿಗೆ ಒಂದಿಷ್ಟು ಪ್ರೊಪೇನ್ ಬೆರೆಸಿದ್ದು. ಬ್ಯೂಟೇನ್ ಕುದಿಯುವುದು ಮೈನಸ್ ಅರ್ಧ ಡಿಗ್ರಿಯಲ್ಲಿ. ಇಂಗ್ಲೆಂಡಿನ ಚಳಿಗಾಲದ ಬೆಳಿಗ್ಗೆ ಟ್ಯಾಂಕಿನೊಳಗೆ ಅದಕ್ಕೆ ಒತ್ತಡವೇ ಇರುವುದಿಲ್ಲ, ಬರ್ನರ್ ಮಂಕಾಗುತ್ತದೆ. ಅಲ್ಲಿನವರು ಟ್ಯಾಂಕನ್ನು ಬೆಚ್ಚನೆಯ ನೀರಿನಲ್ಲಿ ಕೂರಿಸುತ್ತಾರೆ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಇದೇ ಎಂಜಿನ್ ಹಚ್ಚಿದರೆ ಕಥೆ ತಿರುವುಮುರುವು. ಗ್ಯಾಸ್ ರಭಸದಿಂದ ನುಗ್ಗಿ ಜ್ವಾಲೆ ಗರ್ಜಿಸುತ್ತದೆ, ಸೇಫ್ಟಿ ವಾಲ್ವ್ ಎಡೆಬಿಡದೆ ಉಗಿ ಉಗುಳುತ್ತದೆ. ಗ್ಯಾಸಿನ ಕಿವಿಯನ್ನು ಬಹಳ ಹಿಂಡಿಯೇ ಹಿಡಿಯಬೇಕು. ನೀರಿನ ವಿಷಯದಲ್ಲಿ ಮಾತ್ರ ಎರಡೂ ಊರಿಗೆ ಒಂದೇ ಮಾತು: ಗಡಸು ನೀರು ಬೇಡ, ಸೋಸಿದ ಮಳೆನೀರು ಉತ್ತಮ.

ಇಷ್ಟೆಲ್ಲ ಆಗಿ, ಎಂಜಿನ್ ಬರಿಮೈಯಲ್ಲೇ ಚೆನ್ನಾಗಿ ಓಡಿದ ಮೇಲಷ್ಟೇ ಬಣ್ಣದ ಮಾತು. ಮೊದಲು ಬಣ್ಣ ಹೊಡೆದು ಆಮೇಲೆ ಸರ್ವೊ ಕೂರಿಸಲು ಹೊರಟವರು ಇಕ್ಕುಳದ ಗಾಯಗಳನ್ನು ನೋಡುತ್ತ ಕೊರಗುತ್ತಾರೆ. ಕೊರೆಯುವ ಕೆಲಸ, ಬಗ್ಗಿಸುವ ಕೆಲಸ, ಬೆಸುಗೆ, ಎಲ್ಲ ಮುಗಿದಿರಬೇಕು. ಮತ್ತೆ ಪೂರ್ತಿ ಬಿಚ್ಚಬೇಕು. ಈ ಎರಡನೆಯ ಬಿಚ್ಚಾಟಕ್ಕೆ ಬೇಸರಪಟ್ಟು, ಅಲ್ಲಲ್ಲಿ ಟೇಪು ಅಂಟಿಸಿ ಸುತ್ತ ಬಣ್ಣ ಹೊಡೆದ ಎಂಜಿನ್‌ಗಳು ದೂರದಿಂದಲೇ ತಮ್ಮ ಗುಟ್ಟು ಹೇಳಿಬಿಡುತ್ತವೆ.

ಹಳೆಯ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಸಾಕು. ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸುವವರು ಒಂದನ್ನು ನೆನಪಿಡಬೇಕು, ಅದು ಹಿತ್ತಾಳೆಯನ್ನು ಬಿಡುತ್ತದೆ, ಅಲ್ಯೂಮಿನಿಯಮ್ಮನ್ನೂ ಬಿಳಿಲೋಹದ ಅಚ್ಚುಗಳನ್ನೂ ತಿಂದುಹಾಕುತ್ತದೆ. ಆಮೇಲೆ ಪಾತ್ರೆ ತಿಕ್ಕುವ ಪುಡಿಯಿಂದ ಉಜ್ಜಿ ತೊಳೆದು, ಒಣಗಿಸಿ, ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟದೆ ಇರಬೇಕು. ಬೆರಳಿನ ಒಂದು ಗುರುತಿನ ಎಣ್ಣೆ ಸಾಕು, ಬಣ್ಣ ಅಲ್ಲಿಂದಲೇ ಏಳುತ್ತದೆ. ನುಣುಪಾದ ಹಿತ್ತಾಳೆ ಬಣ್ಣವನ್ನು ಸುಲಭಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಮೊದಲು ಎಚ್ (etch) ಪ್ರೈಮರ್ ಹೊಡೆಯಬೇಕು. ಅದರಲ್ಲಿ ಆಮ್ಲ ಇರುತ್ತದೆ, ಅದು ಲೋಹದ ಮೈಯನ್ನು ಕೊಂಚ ಕೆರೆದು ಹಿಡಿತ ಮಾಡಿಕೊಡುತ್ತದೆ. ಬೇರಾವ ಖರ್ಚು ಉಳಿಸಿದರೂ ಇದನ್ನು ಉಳಿಸಬಾರದು.

ಮೇಲಿನ ಬಣ್ಣ ಎಷ್ಟು ತೆಳುವಾಗಿ ಬಿದ್ದರೆ ಅಷ್ಟು ಚೆಂದ. ದಪ್ಪ ಬಣ್ಣ ರಿವೆಟ್ಟುಗಳ ತಲೆಗಳನ್ನು ನುಂಗುತ್ತದೆ, ಅಂಚುಗಳನ್ನು ಮೊಂಡು ಮಾಡುತ್ತದೆ. ಮೊದಲ ಕೋಟು ಮಂಜು ಕವಿದಂತೆ ಅರೆಬರೆ ಕಾಣಬೇಕು, ಮುಚ್ಚುವ ಆಸೆಯನ್ನು ಮೂರನೆಯ ನಾಲ್ಕನೆಯ ಕೋಟಿನವರೆಗೆ ಹತ್ತಿಕ್ಕಬೇಕು. ದೂರದಿಂದ ಒಣಗೊಣಗಾಗಿ ಸಿಂಪಡಿಸಿದರೆ ಮೈ ತರಿತರಿಯಾಗುತ್ತದೆ, ಹತ್ತಿರದಿಂದ ಹೊಡೆದರೆ ಇಳಿದು ಹೋಗುತ್ತದೆ. ಮಳೆಗಾಲದ ತೇವದ ದಿನ ಸಿಂಪಡಿಸಿದರೆ ಬಣ್ಣದ ಮೇಲೆ ಬೂದು ಪೊರೆ ಕಟ್ಟುತ್ತದೆ. ಆವಿಯಾಗುವ ತಿನ್ನರ್ ಮೈಯನ್ನು ತಂಪು ಮಾಡಿ, ಗಾಳಿಯ ತೇವ ಅಲ್ಲಿ ಕೂರುವುದೇ ಕಾರಣ. ಭಾಗಗಳನ್ನು ಕೊಂಚ ಬೆಚ್ಚಗೆ ಮಾಡಿಕೊಂಡು, ಒಣಹವೆಯ ದಿನ ಆರಿಸಿಕೊಂಡು ಕೆಲಸ ಮಾಡಬೇಕು. ಎನಾಮಲ್ ಮರುದಿನವೇ ಒಣಗಿದಂತೆ ಕಾಣುತ್ತದೆ. ಹತ್ತಿರ ಹಿಡಿದು ಮೂಸಿ ನೋಡಿ, ಬಣ್ಣದ ವಾಸನೆ ಬಂದರೆ ಒಳಗೆ ಇನ್ನೂ ಹಸಿ ಇದೆ. ಈ ಮೂಗಿನ ಪರೀಕ್ಷೆಯನ್ನು ಅನುಭವಿಗಳೆಲ್ಲ ನಂಬುತ್ತಾರೆ. ವಾಸನೆ ಪೂರ್ತಿ ಹೋಗಲು ವಾರಗಳೇ ಬೇಕಾಗಬಹುದು.

ಮುಂದಿನ ಹೊಗೆಗೂಡು ಮತ್ತು ಚಿಮಣಿಗೆ ಬೇರೆಯೇ ಬಣ್ಣ, 600 ಡಿಗ್ರಿ ತಾಳುವ, ಕಾರಿನ ಸೈಲೆನ್ಸರಿಗೆ ಹೊಡೆಯುವ ಜಾತಿಯದು. ಅದು ಪೂರ್ತಿ ಗಟ್ಟಿಯಾಗುವುದೇ ಮೊದಲ ಉರಿಯ ಬಿಸಿಯಲ್ಲಿ. ಅಲ್ಲಿ ಸಾಮಾನ್ಯ ಬಣ್ಣ ಹೊಡೆದರೆ ಬೊಬ್ಬೆ ಏಳುತ್ತದೆ.

ಯಾವ ಬಣ್ಣ ಎನ್ನುವುದು ಮನಸ್ಸಿನ ಪ್ರಶ್ನೆ. ಲೇಡಿ ಆನ್ ಕಲ್ಪನೆಯ ಎಂಜಿನ್ ಆದ್ದರಿಂದ ಯಾವ ಕಂಪನಿಯ ನಿಯಮವೂ ಅದಕ್ಕೆ ಅನ್ವಯಿಸದು. ಡಾರ್ಜಿಲಿಂಗಿನ ನೀಲಿ ಹಚ್ಚುವ ಆಸೆ ನಮ್ಮವರಿಗೆ ಸಹಜ. ಆದರೆ ಡಾರ್ಜಿಲಿಂಗ್ ಬಿ ಕ್ಲಾಸ್ ಎಂಜಿನ್‌ಗೆ ನಾಲ್ಕೇ ಚಕ್ರ, ಅದರ ಆಕಾರವೇ ಬೇರೆ. ನೀಲಿ ಹಚ್ಚಿದ ಮಾತ್ರಕ್ಕೆ ಇದು ಅದಾಗದು. ಕೈಬದಲಾದ ಎಂಜಿನ್‌ಗಳ ಮಾತು ಬಂದದ್ದರಿಂದ ಇಲ್ಲೊಂದು ನೆನಪಿಸಬೇಕು. 1889ರಲ್ಲಿ ಶಾರ್ಪ್ ಸ್ಟೂವರ್ಟ್ ಕಂಪನಿ ಕಟ್ಟಿದ, ಡಾರ್ಜಿಲಿಂಗಿನ 19ನೇ ನಂಬರಿನ ನಿಜಗಾತ್ರದ ಎಂಜಿನ್ 1962ರಲ್ಲಿ ಅಮೆರಿಕಕ್ಕೆ ಮಾರಾಟವಾಯಿತು. ಅಲ್ಲಿ ಹಲವು ದಶಕ ಕಳೆದು, 2000ದ ದಶಕದ ಆರಂಭದಲ್ಲಿ ಬ್ರಿಟನ್ನಿನ ರೈಲ್ವೆ ಅಧಿಕಾರಿ ಏಡ್ರಿಯನ್ ಶೂಟರ್ ಕೈ ಸೇರಿ, ಆಕ್ಸ್‌ಫರ್ಡ್‌ಶೈರಿನಲ್ಲಿ ಅವರು ಮನೆಯಂಗಳದಲ್ಲೇ ಹಾಸಿದ ಎರಡಡಿ ಹಳಿಯ ಮೇಲೆ ಮತ್ತೆ ಉಗಿಯಾಡಿತು. ಒಳ್ಳೆಯ ಉಗಿ ಎಂಜಿನ್ ದೊಡ್ಡದಿರಲಿ ಚಿಕ್ಕದಿರಲಿ, ಮೊದಲ ಯಜಮಾನನಿಗಿಂತ ಹೆಚ್ಚು ಬಾಳುತ್ತದೆ.

ನನ್ನ ಆಯ್ಕೆ ಗಾಢ ಕೆಂಗಂದು, ಕಪ್ಪು ಅಂಚು, ಒಂದೇ ಒಂದು ಹಳದಿ ಗೆರೆ. ಕಪ್ಪೆಂದರೆ ಡಬ್ಬಿಯ ಅಚ್ಚ ಕಪ್ಪಲ್ಲ. ಹತ್ತೊಂಬತ್ತನೆಯ ಒಂದು ಪಾಲಿಗೆ ಇಳಿದ ವಸ್ತುವಿನ ಮೇಲೆ ಅಚ್ಚ ಕಪ್ಪು ರಂಧ್ರದಂತೆ ಕಾಣುತ್ತದೆ, ಆಕಾರವನ್ನೇ ಮರೆಮಾಡುತ್ತದೆ. ಸ್ವಲ್ಪ ಬೂದು ಬೆರೆಸಿದರೆ ಅದೇ ಭಾಗ ಉಬ್ಬುತಗ್ಗಿನೊಂದಿಗೆ ಎದ್ದು ಬರುತ್ತದೆ. ಹಳದಿ ಗೆರೆ ಎಳೆಯುವುದು ರೂಲಿಂಗ್ ಪೆನ್ನಿನಿಂದ. ಎರಡು ಉಕ್ಕಿನ ನಾಲಗೆಗಳ ನಡುವೆ ಒಂದು ಹನಿ ಬಣ್ಣ, ತಿರುಪು ಬಿಗಿದಂತೆ ಗೆರೆ ತೆಳುವಾಗುತ್ತದೆ. ಬಣ್ಣ ದಪ್ಪವಾದರೆ ಇಳಿಯುವುದಿಲ್ಲ, ತೆಳುವಾದರೆ ಹರಡಿಬಿಡುತ್ತದೆ. ಕೆಳಗಿನ ಮೈ ಹೊಳಪಾಗಿ ಗಟ್ಟಿಯಾಗಿದ್ದರೆ ತಪ್ಪಿದ ಗೆರೆಯನ್ನು ಅಲ್ಲೇ ಒರೆಸಿ ಮತ್ತೆ ಎಳೆಯಬಹುದು. ಟ್ಯಾಂಕಿನ ಮೂಲೆಗಳ ದುಂಡನೆಯ ತಿರುವನ್ನು ಮೊದಲು ಎಳೆದು, ಆಮೇಲೆ ನೇರ ಗೆರೆಗಳನ್ನು ಅವಕ್ಕೆ ಕೂಡಿಸಬೇಕು. ನೇರದಿಂದ ತಿರುವಿಗೆ ಹೋದರೆ ಎರಡೂ ಸೇರುವುದೇ ಇಲ್ಲ. ಎಲ್ಲ ಆದ ಮೇಲೆ ಸ್ಯಾಟಿನ್ ವಾರ್ನಿಷ್. ಸ್ಟೀಮ್ ಎಣ್ಣೆ ಬಿಸಿಯಾಗಿ ಚಿಮಣಿಯಿಂದ ಸಿಡಿದು ಎಲ್ಲೆಡೆ ಬೀಳುವುದರಿಂದ ಆ ರಕ್ಷಣೆ ಬೇಕೇ ಬೇಕು.

ಮರುಜೋಡಣೆ ಮುಗಿದು ಹಳಿಗೆ ಇಳಿದ ಎಂಜಿನ್ ಮೊದಲ ಗಜಗಳಲ್ಲಿ ಕೆಮ್ಮುತ್ತದೆ. ತಣ್ಣನೆಯ ಸಿಲಿಂಡರಿನಲ್ಲಿ ಉಗಿ ನೀರಾಗಿ, ಪಿಸ್ಟನ್ ಅದನ್ನು ಚಿಮಣಿಯಿಂದ ಹೊರಗೆ ತಳ್ಳುತ್ತದೆ. ಆಗ ರೆಗ್ಯುಲೇಟರನ್ನು ಹೆಚ್ಚು ತೆರೆಯದೆ, ಇನ್ನೊಂದು ಬೆರಳಿನಿಂದ ರಿವರ್ಸರನ್ನು ಹಿಂದೆ ಮುಂದೆ ಆಡಿಸುತ್ತ ಸಿಲಿಂಡರ್ ಬೆಚ್ಚಗಾಗುವವರೆಗೆ ಕಾಯಬೇಕು. ಕೈಯಿಂದ ಓಡಿಸುವಾಗ ಇದನ್ನು ಮಾಡಲು ಬಿಸಿ ಕ್ಯಾಬಿನೊಳಗೆ ಎರಡೂ ಕೈ ಬೇಕಿತ್ತು. ಬೆಚ್ಚಗಾದ ಮೇಲೆ ಉಸಿರು ಸಮವಾಗುತ್ತದೆ. ಏರು ಬರುವ ಮುನ್ನ ಒಂದಿಷ್ಟು ತೆರೆ, ಏರಿನ ನೆತ್ತಿ ದಾಟುವ ಮೊದಲೇ ಮುಚ್ಚು, ಇಳಿಜಾರಿನಲ್ಲಿ ಹಿಂದಿನ ಡಬ್ಬಿಗಳು ತಳ್ಳುವುದು ಗೊತ್ತಾದೊಡನೆ ರಿವರ್ಸರನ್ನು ನಡುವಿನ ಕಡೆಗೆ ತಾ. ಸೆಕೆಂಡಿಗೆ 35 ಸೆಂಟಿಮೀಟರ್ ವೇಗದಲ್ಲಿ ನಿಲ್ದಾಣಕ್ಕೆ ಬಂದು, ಗುರುತಿಟ್ಟ ಜಾಗದಲ್ಲೇ ನಿಲ್ಲಿಸಿ, ಹಿಂದೆ ಸರಿದು ವ್ಯಾಗನ್ ಕೂಡಿಸಿಕೊಂಡು ಹೊರಡುವುದು ಈಗ ಸಾಧ್ಯ. ಇದನ್ನು ಕಲಿಯಲು ಸಮಯ ಹಿಡಿಯುತ್ತದೆ, ಕಲಿಯುವಾಗಲೇ ಉಗಿ ಎಂದರೇನು ಎಂದು ಬೆರಳಿಗೆ ಅರ್ಥವಾಗುತ್ತದೆ.

ಅರ್ಧ ಗಂಟೆಯ ಆಸುಪಾಸಿನಲ್ಲಿ ಗ್ಯಾಸ್ ಮುಗಿದು ಬೆಂಕಿ ಆರುತ್ತದೆ. ರೇಡಿಯೊ ಆರಿಸುವ ಮೊದಲು ರೆಗ್ಯುಲೇಟರ್ ಮುಚ್ಚಬೇಕು. ಇಲ್ಲದಿದ್ದರೆ ಬಾಯ್ಲರ್ ತಣಿದು ಒಳಗೆ ನಿರ್ವಾತ ಉಂಟಾದಾಗ ಲೂಬ್ರಿಕೇಟರಿನ ಎಣ್ಣೆ ಹಿಂದಕ್ಕೆ ಎಳೆದುಕೊಂಡು ಬಾಯ್ಲರ್ ಸೇರುತ್ತದೆ. ಒತ್ತಡ ಪೂರ್ತಿ ಇಳಿದ ಮೇಲೆ ಸೇಫ್ಟಿ ವಾಲ್ವ್ ಸಡಿಲಿಸಿ, ಲೂಬ್ರಿಕೇಟರಿನ ನೀರು ತೆಗೆದು, ಮೈ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಒರೆಸಬೇಕು.

ಎಂಜಿನ್ನಿನ ಪೆಟ್ಟಿಗೆಯಲ್ಲಿ ಒಂದು ನೋಟುಪುಸ್ತಕವೂ ಇರಲಿ. ಬಾಯ್ಲರ್ ಪರೀಕ್ಷೆಯ ತಾರೀಖು ಮತ್ತು ಒತ್ತಡ, ಗ್ಯಾಸ್ ಜೆಟ್ಟಿನ ಸಂಖ್ಯೆ, ಯಾವ ಸರ್ವೊ, ಕಡ್ಡಿ ಯಾವ ತೂತಿನಲ್ಲಿ, ಕೊನೆಯ ಬಿಂದುಗಳ ಲೆಕ್ಕ, ಪ್ರೈಮರ್ ಯಾವುದು, ಕೆಂಗಂದಿಗೆ ಎಷ್ಟು ಕಪ್ಪು ಬೆರೆಸಿದ್ದು, ತೆಗೆದಿಟ್ಟ ಕೊಕ್ಕೆಯ ಪೊಟ್ಟಣ ಎಲ್ಲಿದೆ. ಮೂರನೆಯ ಯಜಮಾನ ಬಂದು ಪೆಟ್ಟಿಗೆ ತೆರೆದಾಗ ಅವನಿಗೆ ಮೊದಲು ಸಿಗಬೇಕಾದದ್ದು ಅದೇ.